ಸೋಂಕು, ಮಡಿ ಮತ್ತು ನಮ್ಮ ಕೈಗಳು
ಆಸ್ಪತ್ರೆಯ ಶುಚಿತ್ವದ ಚರಿತ್ರೆಯಲ್ಲಿ ನಮ್ಮವರ ಪಾಲು



‘ಸೋಂಕು’ ಅನ್ನೋ ಮಾತನ್ನು ಕೊರೋನಾ ಕಾಲದಲ್ಲಿ ನೀವೆಲ್ಲ ಸಾಕು ಸಾಕು ಅನ್ನುವಷ್ಟು ಕೇಳಿದ್ದೀರಿ. ಈಗ ಆ ಮಾತಿಗೆ ರೋಗ ಅಂಟುವುದು ಅಂತ ಅರ್ಥ. ಹಳೆಯ ಕನ್ನಡದಲ್ಲಿ ಹಾಗಿರಲಿಲ್ಲ. ಸೋಂಕು ಎಂದರೆ ಮುಟ್ಟುವುದು, ತಾಕುವುದು, ಅಷ್ಟೇ. ಗಾಳಿ ಮೈಗೆ ಸೋಂಕುತ್ತಿತ್ತು. ತಾಯಿಯ ಕೈ ಮಗುವಿನ ತಲೆಗೆ ಸೋಂಕುತ್ತಿತ್ತು. ಮುಟ್ಟುವುದು ಅನ್ನೋ ಒಳ್ಳೆಯ ಮಾತು ರೋಗದ ಹೆಸರಾಗಿ ನಿಂತಿದೆ.

ನಮಗೆ ಇದು ಬರೀ ಪದದ ಆಟ ಅಲ್ಲ. ನಮ್ಮ ಅಜ್ಜ ಅಜ್ಜಿಯರನ್ನು ಮುಟ್ಟಬಾರದು ಅಂದರು. ಮುಟ್ಟಿದರೆ ಮೈಲಿಗೆ ಅಂದರು. ಆದರೆ ಊರಿನ ಕೊಳೆಯನ್ನೆಲ್ಲ ಮುಟ್ಟುವ ಕೆಲಸವನ್ನು ಅವರ ಕೈಗೇ ಕೊಟ್ಟರು. ಇವತ್ತು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಬೀದಿಗಳಲ್ಲಿ ನೋಡಿ. ಮನೆಯಲ್ಲಿ ಕನ್ನಡ ಆಡ್ತೀವಿ, ಶಾಲೆಯಲ್ಲಿ ತಮಿಳು ಓದಿದ್ದೀವಿ, ಬೆಳಿಗ್ಗೆ ಐದು ಗಂಟೆಗೆ ಬಸ್ ಹಿಡಿದು ಆಸ್ಪತ್ರೆ ಒರೆಸೋಕೆ ಹೋಗೋ ಅಕ್ಕಂದಿರು ಪ್ರತಿ ಬೀದಿಯಲ್ಲೂ ಇದ್ದಾರೆ. ಆಸ್ಪತ್ರೆಯಲ್ಲಿ ಒಬ್ಬರ ರೋಗ ಇನ್ನೊಬ್ಬರಿಗೆ ಅಂಟದ ಹಾಗೆ ತಡೆಯುವ ಮೊದಲ ಗೋಡೆ ಅವರೇ. ಆದರೆ ಆ ಗೋಡೆಯನ್ನು ಕಾಯೋರು ಯಾರು?

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮಡಿ ಬೇರೆ, ಶುಚಿ ಬೇರೆ. ಮಡಿ ಅನ್ನೋದು ಮನುಷ್ಯನನ್ನು ಮುಟ್ಟದೇ ಇರೋದು. ಶುಚಿ ಅನ್ನೋದು ಕೈ ತೊಳೆದುಕೊಂಡು ಮನುಷ್ಯನನ್ನು ಮುಟ್ಟೋದು. ಚರಿತ್ರೆಯಲ್ಲಿ ಮಡಿ ಜನರನ್ನು ಕೊಂದಿದೆ, ಶುಚಿ ಉಳಿಸಿದೆ. ಬನ್ನಿ, ಒಂದೊಂದಾಗಿ ನೋಡೋಣ.

ಊರಿಗೆ ಪ್ಲೇಗ್ ಬಂದಾಗ

ಕೊಯಮತ್ತೂರಿನಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿ ಇರೋದು ನಿಮಗೆ ಗೊತ್ತು. ಒಂದಲ್ಲ, ಹಲವು ಇವೆ. ಹೋಗ್ತಾ ಬರ್ತಾ ಕೈಮುಗಿದಿರುತ್ತೀರಿ. ಆ ಹೆಸರು ಯಾಕೆ ಬಂತು ಅಂತ ಕೇಳಿದ್ದೀರಾ?

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಕೊಯಮತ್ತೂರಿಗೂ ಬಂತು. ಆಮೇಲೆ 1940ರ ದಶಕದ ಮೊದಲವರೆಗೂ ಬಿಟ್ಟು ಬಿಟ್ಟು ಕಾಡಿತು. 1901ರ ಜನಗಣತಿಯಲ್ಲಿ ಕೊಯಮತ್ತೂರು ಪಟ್ಟಣದ ಜನಸಂಖ್ಯೆ ಸುಮಾರು 53 ಸಾವಿರ. 1911ರಲ್ಲಿ ಅದು 47 ಸಾವಿರಕ್ಕೆ ಇಳಿಯಿತು. ಬೆಳೆಯುತ್ತಿದ್ದ ಪಟ್ಟಣ ಹತ್ತು ವರ್ಷದಲ್ಲಿ ಕುಗ್ಗಿತು ಅಂದರೆ ಜನ ಎಷ್ಟು ಹೆದರಿ ಊರು ಬಿಟ್ಟಿರಬೇಕು, ಎಷ್ಟು ಮನೆಗಳಲ್ಲಿ ದೀಪ ಆರಿರಬೇಕು, ನೀವೇ ಊಹಿಸಿ. ಮನೆಯಲ್ಲಿ ಇಲಿ ಬಿತ್ತು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು, ಇದು ಆ ಕಾಲದ ಬುದ್ಧಿ.

ಆ ಬುದ್ಧಿ ತಪ್ಪೇನೂ ಅಲ್ಲ. ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದ. 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ವೈದ್ಯ ಇದು ಇಲಿಯ ಮೈಮೇಲಿನ ಚಿಗಟ ಕಚ್ಚಿ ಹರಡುವ ರೋಗ ಅಂತ ತೋರಿಸಿದ. ಗಡ್ಡೆ ಏಳುವ ಪ್ಲೇಗ್ ಜಾತಿ ನೋಡಿ ಬರಲಿಲ್ಲ, ನೆರಳು ಬಿದ್ದು ಬರಲಿಲ್ಲ. ದವಸದ ಮೂಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಚಿಗಟ, ಚಿಗಟ ಇದ್ದಲ್ಲಿ ಪ್ಲೇಗ್.

ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂತು. 2020ರಲ್ಲಿ ಕೊರೋನಾಕ್ಕೂ ಮೊದಲು ಕೈಗೆತ್ತಿಕೊಂಡಿದ್ದು ಇದೇ ಹಳೇ ಕಾಯ್ದೆಯನ್ನೇ. ಪ್ಲೇಗ್ ಕಾಲದ ಕ್ರಮಗಳು ಏನು? ಮನೆ ಖಾಲಿ ಮಾಡಿಸೋದು, ಹೆಂಚು ತೆಗೆದು ಬಿಸಿಲು ಬಿಡೋದು, ಸುಣ್ಣ ಬಳಿಯೋದು, ಬಟ್ಟೆ ಬರೆ ಸುಡೋದು, ಸತ್ತ ಇಲಿ ಎತ್ತೋದು, ಹೆಣ ಹೊರೋದು. ಕಾಯ್ದೆ ಬರೆದವರು ಇದನ್ನು ಮಾಡಲಿಲ್ಲ. ಪುರಸಭೆಗಳ ಕಸ, ಮಲ ಹೊರುವ ಕೆಲಸ ಆಗ ಜಾತಿ ನೋಡಿಯೇ ಹಂಚಿಕೆಯಾಗುತ್ತಿತ್ತು. ‘ತೋಟಿ’ ಅಂತ ಕರೆಸಿಕೊಂಡವರ ಪಾಲಿಗೇ ಈ ಕೆಲಸವೂ ಬಂತು. ಊರೆಲ್ಲ ಊರು ಬಿಟ್ಟು ಓಡುವಾಗ ಊರೊಳಗೆ ಹೋಗುವವರು ಅವರು. ಮಾರಿಯಮ್ಮನಿಗೆ ಗುಡಿ ಕಟ್ಟಿದರು, ಸರಿ. ಇಲಿ ಎತ್ತಿದವರಿಗೆ ಒಂದು ಕಲ್ಲೂ ನೆಡಲಿಲ್ಲ.

ಹೆದರಿಕೆ ಬಂದಾಗ ದೇವರನ್ನು ಮಾಡಿಕೊಳ್ಳೋದು ಹಳೇ ಕಾಲದ್ದು ಅಂತ ನಗಬೇಡಿ. 2021ರ ಮೇ ತಿಂಗಳಲ್ಲಿ ಕೊಯಮತ್ತೂರಿನ ಪಕ್ಕದ ಇರುಗೂರಿನ ಮಠವೊಂದರಲ್ಲಿ ‘ಕೊರೋನಾ ದೇವಿ’ಯ ವಿಗ್ರಹ ಇಟ್ಟು ಪೂಜೆ ಮಾಡಿದರು. ಹೆದರಿದ ಮನಸ್ಸಿಗೆ ದೇವರು ಬೇಕು ಅನ್ನಿಸಿದರೆ ಅದು ಅವರವರ ವಿಷಯ. ಆದರೆ ಲಸಿಕೆ, ಮಾಸ್ಕು, ಸೋಪು, ಬ್ಲೀಚಿಂಗ್ ಪುಡಿ ಇವುಗಳ ಕೆಲಸವನ್ನು ದೇವಿಯ ಮೇಲೆ ಹಾಕುವುದು ಬೇಡ.

ಮುಟ್ಟಿದ ಇಬ್ಬರು

ಅದೇ ಪ್ಲೇಗಿನ ಕಾಲದ ಇಬ್ಬರನ್ನು ನೀವು ಮರೆಯಬಾರದು.

ಮೊದಲನೆಯವರು ತಾಯಿ ಸಾವಿತ್ರಿಬಾಯಿ ಫುಲೆ. ಶಾಲೆ ತೆರೆದ ಅವರ ಕಥೆ ನಿಮಗೆಲ್ಲ ಬಾಯಿಪಾಠ. ಅವರು ಹೇಗೆ ತೀರಿಕೊಂಡರು ಅನ್ನೋದನ್ನು ಮಾತ್ರ ಕಡಿಮೆ ಜನ ಹೇಳ್ತಾರೆ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಎದ್ದಾಗ ಅವರ ಸಾಕುಮಗ ಡಾಕ್ಟರ್ ಯಶವಂತ ಊರಾಚೆ ರೋಗಿಗಳಿಗೆ ಚಿಕಿತ್ಸೆ ಕೊಡ್ತಿದ್ದರು. ಮುಂಢವಾ ಎಂಬ ಊರಿನ ಮಹಾರರ ಕೇರಿಯಲ್ಲಿ ಒಬ್ಬ ಹುಡುಗನಿಗೆ ಪ್ಲೇಗ್ ಬಂತು. ಸಾವಿತ್ರಿಬಾಯಿ ಅವನನ್ನು ತಾವೇ ಹೊತ್ತುಕೊಂಡು ಚಿಕಿತ್ಸೆಯ ಜಾಗಕ್ಕೆ ತಂದರು. ಅವರಿಗೂ ರೋಗ ತಗುಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು. ಅರವತ್ತಾರು ವರ್ಷದ ಹೆಂಗಸು, ಮುಟ್ಟಬಾರದು ಅಂದ ಕೇರಿಯ ಮಗುವನ್ನು ಎತ್ತಿಕೊಂಡರು. ಸೋಂಕು ಅನ್ನೋ ಪದದ ಎರಡು ಅರ್ಥವೂ ಆ ದಿನ ಅವರ ಮೈಮೇಲೆ ಒಟ್ಟಿಗೆ ಬಂತು.

ಎರಡನೆಯವರು ಡಾಕ್ಟರ್ ಪಲ್ಪು. ಕೇರಳದ ಈಳವ ಜಾತಿಯವರು. ಮದ್ರಾಸಿನಲ್ಲಿ ವೈದ್ಯ ಓದಿ ಮುಗಿಸಿದರು. ತಿರುವಾಂಕೂರು ಸರ್ಕಾರ ಜಾತಿ ನೋಡಿ ಕೆಲಸ ಕೊಡಲಿಲ್ಲ. ಅವರು ಮೈಸೂರು ಸಂಸ್ಥಾನಕ್ಕೆ ಬಂದರು. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಕೆಲಸದಲ್ಲಿದ್ದರು. 1898ರಲ್ಲಿ ಪ್ಲೇಗ್ ಬಂದಾಗ ಪ್ಲೇಗ್ ಕ್ಯಾಂಪಿನಲ್ಲಿ ನಿಂತು ಕೆಲಸ ಮಾಡಿದರು. 1896ರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನರ ಸಹಿ ಹಾಕಿಸಿ ತಿರುವಾಂಕೂರು ಮಹಾರಾಜರಿಗೆ ಅರ್ಜಿ ಕೊಟ್ಟವರೂ ಇವರೇ. ಶಾಲೆ, ಸರ್ಕಾರಿ ಕೆಲಸ ನಮಗೂ ಬೇಕು ಅನ್ನೋದು ಆ ಅರ್ಜಿ. ಯೋಚನೆ ಮಾಡಿ: ಒಂದು ಸಂಸ್ಥಾನ ‘ನಿನ್ನ ಕೈ ನಮ್ಮ ನಾಡಿ ಹಿಡಿಯಬಾರದು’ ಅಂತ ಕಳಿಸಿದ ಕೈ ಇನ್ನೊಂದು ಸಂಸ್ಥಾನದಲ್ಲಿ ಸಾಯುವವರ ನಾಡಿ ಹಿಡಿಯಿತು.

ಥರ್ಮಾಮೀಟರ್ ದಾಟಿದ ದಾರಿ

ಈಗ ಮಡಿ ಹೇಗೆ ಕೊಲ್ಲುತ್ತದೆ ಅಂತ ನೋಡಿ. ಬಾಬಾಸಾಹೇಬರು ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಪುಸ್ತಕದಲ್ಲಿ ಒಂದು ಘಟನೆ ಸೇರಿಸಿದ್ದಾರೆ. 1929ರ ಡಿಸೆಂಬರ್‌ನಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾಗಿದ್ದ ಪತ್ರ ಅದು. ಬರೆದವರು ಗುಜರಾತಿನ ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮೇಷ್ಟ್ರು.

ಮೇಷ್ಟ್ರ ಹೆಂಡತಿಗೆ ಹೆರಿಗೆಯಾಗಿ ಕೆಲವು ದಿನಕ್ಕೆ ಕಾಯಿಲೆ ಜೋರಾಯಿತು. ಡಾಕ್ಟರನ್ನು ಕರೆದರು. ಡಾಕ್ಟರು ಕೇರಿಯೊಳಗೆ ಬರೋದಿಲ್ಲ, ಮುಟ್ಟಿ ನೋಡೋದೂ ಇಲ್ಲ ಅಂದ. ಊರಿನ ದೊಡ್ಡವರನ್ನು ಹಿಡಿದು, ಎರಡು ರೂಪಾಯಿ ಫೀಸಿಗೆ ಒಪ್ಪಿಸಿ ಕರೆತಂದರು. ಎರಡು ದಿನದ ಬಾಣಂತಿಯ ಹಾಗೆ ಸೋತಿದ್ದ ಆ ಹೆಂಗಸನ್ನು ಕೇರಿಯಾಚೆ ತಂದು ಕೂಡಿಸಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸ್ಲಿಮರ ಕೈಗೆ ಕೊಟ್ಟ. ಅವರು ಗಂಡನ ಕೈಗೆ ಕೊಟ್ಟರು. ಗಂಡ ಹೆಂಡತಿಗೆ ಇಟ್ಟ. ಮತ್ತೆ ಅದೇ ದಾರಿಯಲ್ಲಿ ವಾಪಸ್ಸು ಬಂತು. ಡಾಕ್ಟರು ದೀಪದ ಬೆಳಕಿಗೆ ಹಿಡಿದು ನೋಡಿ ನ್ಯುಮೋನಿಯಾ ಅಂದ. ನಾಡಿ ಮುಟ್ಟಲಿಲ್ಲ, ಎದೆಗೆ ಕಿವಿ ಇಡಲಿಲ್ಲ. ಔಷಧಿ ಕಳಿಸಿದ. ಮತ್ತೆ ನೋಡೋಕೆ ಬಾ ಅಂದರೆ ಬರಲಿಲ್ಲ. ಆ ತಾಯಿ ತೀರಿಹೋದಳು.

ಆ ಥರ್ಮಾಮೀಟರ್ ದಾಟಿದ ದಾರಿಯನ್ನು ಇನ್ನೊಂದು ಸಲ ನೋಡಿ. ಮಡಿ ರೋಗವನ್ನು ತಡೆಯಿತಾ? ಇಲ್ಲ. ಅದು ಚಿಕಿತ್ಸೆಯನ್ನು ತಡೆಯಿತು.

ಇದಕ್ಕೆ ಎರಡು ವರ್ಷ ಹಿಂದೆ, 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದರು. ಆಮೇಲೆ ಮೇಲ್ಜಾತಿಯವರು ಕೆರೆ ಮೈಲಿಗೆಯಾಯಿತು ಅಂತ 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಕಲಸಿ ‘ಶುದ್ಧ’ ಮಾಡಿದರು. ಕುಡಿಯುವ ನೀರಿಗೆ ಸಗಣಿ ಸುರಿದು ಶುದ್ಧ ಮಾಡೋದು! ಇವತ್ತು ಯಾವ ಹೆಲ್ತ್ ಇನ್ಸ್‌ಪೆಕ್ಟರ್ ಹತ್ತಿರವಾದರೂ ಕೇಳಿ, ಆ ದಿನ ಕೆರೆ ಕೆಟ್ಟಿದ್ದು ಯಾರ ಕೈಯಿಂದ ಅಂತ ಹೇಳ್ತಾರೆ.

ಚರಂಡಿಯಿಂದ ಕಲಿತ ವೈದ್ಯಶಾಸ್ತ್ರ

ಹಾಗಾದರೆ ಆಸ್ಪತ್ರೆಯ ಶುಚಿ ಎಲ್ಲಿಂದ ಬಂತು? ಅದಕ್ಕೆ ಸ್ವಲ್ಪ ದೂರ, ಯುರೋಪಿಗೆ ಹೋಗಬೇಕು. ಅಲ್ಲಿಯ ಕಥೆ ಕೇಳಿದರೆ ನಿಮಗೆ ಒಂದು ಹೆಮ್ಮೆ ಬರುತ್ತೆ.

ಆಸ್ಟ್ರಿಯಾ ದೇಶದ ವಿಯೆನ್ನಾ ಊರಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು ಇದ್ದವು. ಒಂದರಲ್ಲಿ ಡಾಕ್ಟರುಗಳು, ವೈದ್ಯ ವಿದ್ಯಾರ್ಥಿಗಳು. ಇನ್ನೊಂದರಲ್ಲಿ ಸೂಲಗಿತ್ತಿಯರು. ದೊಡ್ಡ ಓದಿನ ಡಾಕ್ಟರುಗಳ ವಾರ್ಡಿನಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಹೆಚ್ಚು. 1846ರಲ್ಲಿ ನೂರು ತಾಯಂದಿರಲ್ಲಿ ಹನ್ನೊಂದು ಜನ ಸತ್ತರು. ಸೂಲಗಿತ್ತಿಯರ ವಾರ್ಡಿನಲ್ಲಿ ಅದಕ್ಕಿಂತ ಬಹಳ ಕಡಿಮೆ. ಡಾಕ್ಟರ ವಾರ್ಡು ಬೇಡ, ಸೂಲಗಿತ್ತಿ ವಾರ್ಡಿಗೇ ಹಾಕಿ ಅಂತ ಬಸುರಿ ಹೆಂಗಸರು ಕಾಲು ಹಿಡಿದು ಬೇಡುತ್ತಿದ್ದರು.

ಸೆಮ್ಮೆಲ್ವೈಸ್ ಎಂಬ ಡಾಕ್ಟರು ಕಾರಣ ಕಂಡುಹಿಡಿದ. ಡಾಕ್ಟರುಗಳು ಹೆಣ ಕೊಯ್ಯುವ ಕೋಣೆಯಿಂದ ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ಆ ಕೈಯೇ ತಾಯಂದಿರನ್ನು ಕೊಲ್ಲುತ್ತಿತ್ತು. 1847ರಲ್ಲಿ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಹೋಗಬೇಕು ಅಂತ ಕಟ್ಟುನಿಟ್ಟು ಮಾಡಿದ. 1848ಕ್ಕೆ ಸಾವು ನೂರಕ್ಕೆ ಒಂದೂಕಾಲಕ್ಕೆ ಇಳಿಯಿತು. ದೊಡ್ಡ ಡಾಕ್ಟರುಗಳಿಗೆ ಸಿಟ್ಟು ಬಂತು. ನಮ್ಮ ಕೈ ಕೊಳಕಾ? ಸೆಮ್ಮೆಲ್ವೈಸ್‌ನ ಮಾತು ಆಗ ಗೆಲ್ಲಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ, ಗಾಯ ಕೀವಾಗಿ ಸತ್ತ.

ಆ ಕ್ಲೋರಿನ್ ಸುಣ್ಣ ಅಂದರೆ ಏನು ಗೊತ್ತಾ? ನಮ್ಮೋರು ಚರಂಡಿ ಬದಿಯಲ್ಲಿ ದಿನಾ ಚೆಲ್ಲುವ ಬ್ಲೀಚಿಂಗ್ ಪುಡಿಯೇ.

ಎರಡನೆಯ ಕಥೆ ಇಂಗ್ಲಿಷ್ ಸರ್ಜನ್ ಜೋಸೆಫ್ ಲಿಸ್ಟರ್‌ನದು. ಕಾರ್ಲೈಲ್ ಎಂಬ ಊರಿನಲ್ಲಿ ಚರಂಡಿ ನೀರಿನ ನಾತ ತೆಗೆಯೋಕೆ ಕಾರ್ಬಾಲಿಕ್ ಆಮ್ಲ ಹಾಕ್ತಾರೆ ಅಂತ ಅವನು ಕೇಳಿದ. ಅದನ್ನೇ ಗಾಯಕ್ಕೆ ಹಾಕಿದರೆ ಹೇಗೆ ಅಂತ ಯೋಚಿಸಿದ. 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಗಾಡಿ ಚಕ್ರ ಹರಿದು ಕಾಲು ಮುರಿದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಹಾಕಿ ಕಟ್ಟಿದ. ಆ ಕಾಲದಲ್ಲಿ ಅಂಥ ಗಾಯ ಕೊಳೆತು ಕಾಲು ಕತ್ತರಿಸಬೇಕಾಗುತ್ತಿತ್ತು. ಈ ಹುಡುಗನ ಕಾಲು ಉಳಿಯಿತು. ಶಸ್ತ್ರಚಿಕಿತ್ಸೆಯ ಚರಿತ್ರೆ ಅಲ್ಲಿಂದ ತಿರುಗಿತು. ಬುದ್ಧಿ ಬಂದಿದ್ದು ಎಲ್ಲಿಂದ? ಚರಂಡಿಯಿಂದ.

ಮೂರನೆಯದು ಗ್ಲೌಸಿನ ಕಥೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಇದ್ದರು. ಕೈ ತೊಳೆಯುವ ಪಾದರಸದ ಔಷಧಿಗೆ ಅವರ ಚರ್ಮ ಬೆಂದುಹೋಗುತ್ತಿತ್ತು. ಅವರ ಸರ್ಜನ್ ಹಾಲ್‌ಸ್ಟೆಡ್, 1889ರ ಹೊತ್ತಿಗೆ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ರಬ್ಬರ್ ಗ್ಲೌಸು ಮಾಡಿಸಿಕೊಟ್ಟ. ರೋಗಿಗೂ ಅದರಿಂದ ಒಳ್ಳೇದು ಅಂತ ಆಮೇಲೆ ಗೊತ್ತಾಯಿತು. ಆಪರೇಷನ್ ಕೋಣೆಯ ಆ ಗ್ಲೌಸು ಮಾಡಿಸಿದ್ದು ರೋಗಿಗಾಗಿ ಅಲ್ಲ, ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ಕೈ ಉಳಿಯಲಿ ಅಂತ. ಅದಾಗಿ ನೂರಮೂವತ್ತು ವರ್ಷ ದಾಟಿದೆ. ನಮ್ಮ ಅಕ್ಕಂದಿರಲ್ಲಿ ಎಷ್ಟು ಜನ ಇವತ್ತೂ ಹರಿದ ಗ್ಲೌಸಿನಲ್ಲಿ, ಇಲ್ಲಾಂದ್ರೆ ಬರಿಗೈಯಲ್ಲಿ ವಾರ್ಡಿನ ಕಸ ಬಾಚುತ್ತಾರೆ ಅಂತ ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಬಾಬಾಸಾಹೇಬರೂ ನಮ್ಮೂರಿನ ಇ.ಎಸ್.ಐ.ಯೂ

ಮತ್ತೆ ನಮ್ಮೂರಿಗೆ ಬರೋಣ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಆ ಕಾಲದಲ್ಲೇ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ಬರೆಯುವ ಕೆಲಸವನ್ನು ಪ್ರೊಫೆಸರ್ ಆಡರ್ಕರ್ ಅವರಿಗೆ ಒಪ್ಪಿಸಲಾಯಿತು. 1944ರಲ್ಲಿ ವರದಿ ಬಂತು. ಅದರ ಮೇಲೆ 1948ರಲ್ಲಿ ಇ.ಎಸ್.ಐ. ಕಾಯ್ದೆ ಆಯಿತು. ತಮಿಳುನಾಡಿನಲ್ಲಿ ಈ ಯೋಜನೆ ಮೊದಲು ಬಂದ ಊರು ಯಾವುದು ಗೊತ್ತಾ? ನಮ್ಮ ಕೊಯಮತ್ತೂರೇ. 1955ರ ಜನವರಿಯಲ್ಲಿ. ಮಿಲ್ಲುಗಳ ಊರು, ಮಿಲ್ಲಿನ ಕೆಲಸಗಾರರ ಊರು, ಹಾಗಾಗಿ ಇಲ್ಲಿಂದ ಶುರುವಾಯಿತು.

2020ರಲ್ಲಿ ಕೊರೋನಾ ಬಂದಾಗ ಸಿಂಗಾನಲ್ಲೂರಿನ ಇ.ಎಸ್.ಐ. ಆಸ್ಪತ್ರೆಯನ್ನೇ ಕೊರೋನಾ ಆಸ್ಪತ್ರೆ ಮಾಡಿದರು. ತಿರುಪ್ಪೂರಿನ ಕಾಯಿಲೆಯವರನ್ನೂ ಮೊದಮೊದಲು ಇಲ್ಲಿಗೇ ತಂದರು. 2021ರ ಮೇ 30ರಂದು ಮುಖ್ಯಮಂತ್ರಿ ಸ್ಟಾಲಿನ್ ಅವರು ಪಿ.ಪಿ.ಇ. ಉಡುಪು ಹಾಕಿಕೊಂಡು ಆ ವಾರ್ಡಿನೊಳಗೆ ಹೋಗಿ ರೋಗಿಗಳನ್ನು ಮಾತಾಡಿಸಿದರು. ಒಳ್ಳೆಯ ಕೆಲಸ, ಧೈರ್ಯದ ಕೆಲಸ. ಅದೇ ಉಡುಪಿನಲ್ಲಿ ಬೆವರು ಸುರಿಸಿಕೊಂಡು ದಿನಾ ನೆಲ ಒರೆಸಿದವರು, ಬಕೆಟ್ ಎತ್ತಿದವರು, ಹೆಣ ಕಟ್ಟಿದವರು ಇದ್ದರಲ್ಲ, ಅವರಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತು? ನಮ್ಮ ಸಂಘ ಆ ಹೆಸರುಗಳನ್ನು ಬರೆದಿಡಬೇಕು. ಪ್ಲೇಗ್ ಕಾಲದಲ್ಲಿ ಇಲಿ ಎತ್ತಿದವರ ಹೆಸರು ಹೋದ ಹಾಗೆ ಇವೂ ಹೋಗಬಾರದು.

2020ರಲ್ಲಿ ತಮಿಳುನಾಡು ಸರ್ಕಾರ ಅವರನ್ನು ‘ತೂಯ್ಮೈ ಪಣಿಯಾಳರ್’ ಅಂತ ಕರೆಯಬೇಕು ಅಂದಿತು, ಶುಚಿ ಕೆಲಸಗಾರರು ಅಂತ. ಹೆಸರು ಬದಲಾದದ್ದು ಸಂತೋಷ. ಹೆಸರಿನ ಜೊತೆ ಗ್ಲೌಸು, ಲಸಿಕೆ, ಸರಿಯಾದ ಕೂಲಿ ಬಂದರೆ ಸಂತೋಷ ಪೂರ್ತಿಯಾಗುತ್ತೆ.

ಕಾನೂನು ಏನು ಕೊಟ್ಟಿದೆ

ಇದು ಭಿಕ್ಷೆ ಅಲ್ಲ, ಕಾನೂನು. ಆಸ್ಪತ್ರೆ ತ್ಯಾಜ್ಯದ ಬಗ್ಗೆ ದೇಶದಲ್ಲಿ ಮೊದಲು 1998ರಲ್ಲಿ ನಿಯಮ ಬಂತು. 2016ರ ಮಾರ್ಚ್‌ನಲ್ಲಿ ಹೊಸ ನಿಯಮ ಬಂತು. ಆಸ್ಪತ್ರೆ ಕೆಲಸದಲ್ಲಿ ಇರೋರು ಈ ನಾಲ್ಕು ಬಣ್ಣ ನೆನಪಿಟ್ಟುಕೊಳ್ಳಿ.

ಹಳದಿ: ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು, ದೇಹದ ಭಾಗಗಳು, ಅವಧಿ ಮುಗಿದ ಔಷಧಿ.
ಕೆಂಪು: ಡ್ರಿಪ್ ಟ್ಯೂಬು, ಮೂತ್ರದ ಚೀಲ, ಗ್ಲೌಸು, ಸೂಜಿ ತೆಗೆದ ಸಿರಿಂಜು, ಇಂಥ ಪ್ಲಾಸ್ಟಿಕ್.
ಬಿಳಿ: ಸೂಜಿ, ಬ್ಲೇಡು. ಇದು ಚೀಲ ಅಲ್ಲ, ಚುಚ್ಚಿದರೆ ತೂತಾಗದ ಗಟ್ಟಿ ಡಬ್ಬಿ.
ನೀಲಿ: ಗಾಜಿನ ಬಾಟಲಿ, ಒಡೆದ ಗಾಜು.

ಇವು ಬೆರೆತರೆ ಮೊದಲು ಚುಚ್ಚುವುದು ಡಾಕ್ಟರಿಗೆ ಅಲ್ಲ, ಚೀಲ ಎತ್ತುವ ಕೈಗೆ. ರೋಗಿಗೆ ಹೆಪಟೈಟಿಸ್ ಬಿ ಇದ್ದು, ಚುಚ್ಚಿಸಿಕೊಂಡವರಿಗೆ ಲಸಿಕೆ ಆಗಿರದಿದ್ದರೆ, ನೂರು ಚುಚ್ಚಿಗೆ ಮೂವತ್ತರವರೆಗೂ ರೋಗ ಅಂಟಬಹುದು. ಹೆಪಟೈಟಿಸ್ ಸಿ ಆದರೆ ನೂರಕ್ಕೆ ಎರಡು ಮೂರು. ಎಚ್.ಐ.ವಿ. ಆದರೆ ಸಾವಿರಕ್ಕೆ ಮೂರು. ನಮ್ಮೋರು ಹೆದರೋದು ಎಚ್.ಐ.ವಿ.ಗೆ. ಜಾಸ್ತಿ ಅಂಟೋದು ಹೆಪಟೈಟಿಸ್ ಬಿ. ಅದಕ್ಕೆ ಲಸಿಕೆ ಇದೆ, ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

2016ರ ನಿಯಮದ ಪ್ರಕಾರ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಹಾಕಿಸಬೇಕು. ಗ್ಲೌಸು, ಮಾಸ್ಕು, ಬೂಟು ಮುಂತಾದವನ್ನು ಕೊಡಬೇಕು. ಕೆಲಸಕ್ಕೆ ಸೇರಿದಾಗಲೂ, ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು, ಆರೋಗ್ಯ ತಪಾಸಣೆ ಮಾಡಿಸಬೇಕು. ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಕಾಂಟ್ರ್ಯಾಕ್ಟ್ ಕೆಲಸ ಅಂತ ಇದರಿಂದ ಯಾರನ್ನೂ ಬಿಡುವ ಹಾಗಿಲ್ಲ. ‘ನೀವು ನಮ್ಮ ಸ್ಟಾಫ್ ಅಲ್ಲ, ಕಂಪನಿಯವರು’ ಅಂತ ಯಾರಾದರೂ ಅಂದರೆ ನಿಯಮದ ಪ್ರತಿಯನ್ನೇ ಮುಂದೆ ಇಡಿ.

ಕೊರೋನಾದ ಮೇಲೆ ಎಲ್ಲರಿಗೂ ಒಂದು ವಿಷಯ ಗೊತ್ತಾಗಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕ ಇದು: ಆಸ್ಪತ್ರೆಯಲ್ಲಿ ದಾಖಲಾಗುವ ನೂರು ಜನರಲ್ಲಿ ಶ್ರೀಮಂತ ದೇಶಗಳಲ್ಲಿ ಏಳು, ನಮ್ಮಂಥ ದೇಶಗಳಲ್ಲಿ ಹದಿನೈದು ಜನಕ್ಕೆ ಒಂದಾದರೂ ಹೊಸ ಸೋಂಕು ಆಸ್ಪತ್ರೆಯಲ್ಲೇ ಅಂಟುತ್ತೆ. ಈ ಏಳು ಮತ್ತು ಹದಿನೈದರ ನಡುವೆ ಇರೋದು ಏನು? ನೀರು, ಸೋಪು, ಜಾಗ, ಸಾಕಷ್ಟು ಕೆಲಸಗಾರರು. ನಾಲ್ಕು ವಾರ್ಡಿಗೆ ಒಬ್ಬ ಅಕ್ಕನನ್ನು ಹಾಕಿ ಸೋಂಕು ತಡೆಯೋಕೆ ಆಗಲ್ಲ.

ಇನ್ನು ನಮ್ಮ ಪಾಲು

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ: ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ. ಗಾಯ ಹಿಂಡಬೇಡಿ, ಬಾಯಿಗೆ ಇಡಬೇಡಿ, ಹರಿಯುವ ನೀರು ಸೋಪಿನಲ್ಲಿ ತೊಳೆಯಿರಿ. ತಕ್ಷಣ ಮೇಲಿನವರಿಗೆ ಹೇಳಿ, ಬರೆಸಿ. ಎಚ್.ಐ.ವಿ. ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೇದು, 72 ಗಂಟೆ ದಾಟಬಾರದು. ಕೆಲಸ ಹೋಗುತ್ತೆ ಅಂತ ಹೆದರಿ ಸುಮ್ಮನಿದ್ದರೆ ಜೀವ ಹೋಗುತ್ತೆ. ಯೂನಿಫಾರ್ಮ್ ಆಸ್ಪತ್ರೆಯಲ್ಲೇ ಬಿಚ್ಚಿ, ಮನೆ ಬಟ್ಟೆಯ ಜೊತೆ ಒಗೆಯಬೇಡಿ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿ. ಸಂಬಳದಲ್ಲಿ ಇ.ಎಸ್.ಐ.ಗೆ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಮಾಲೀಕರು ಮೂರೂಕಾಲು ರೂಪಾಯಿ ಕಟ್ಟಬೇಕು. ಕಟ್ಟುತ್ತಿದ್ದಾರಾ, ಕಾರ್ಡು ಬಂದಿದೆಯಾ ಅಂತ ಈ ತಿಂಗಳೇ ನೋಡಿ.

ನೆಂಟರನ್ನು ನೋಡೋಕೆ ಆಸ್ಪತ್ರೆಗೆ ಹೋಗುವ ಎಲ್ಲರಿಗೂ: ಹತ್ತು ಜನ ಗುಂಪು ಕಟ್ಟಿಕೊಂಡು ಹೋಗಬೇಡಿ. ಜ್ವರ, ನೆಗಡಿ ಇದ್ದರೆ ಹೋಗಲೇಬೇಡಿ. ಹಾಸಿಗೆ ಮೇಲೆ ಕೂರಬೇಡಿ. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಮಂಚ ಬಕೆಟ್ ಮುಟ್ಟಿದ ಮೇಲೆ ಕೈ ತೊಳೆಯಿರಿ. ಸೋಪು ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು. ಬೆರಳ ಸಂದು, ಹೆಬ್ಬೆರಳು, ಉಗುರು ಮರೆಯಬೇಡಿ. ಡಾಕ್ಟರಾಗಲಿ ನರ್ಸಾಗಲಿ ಕೈ ತೊಳೆಯದೆ ಬಂದರೆ ‘ಅಮ್ಮಾ, ಕೈ ತೊಳೆದುಕೊಳ್ತೀರಾ?’ ಅಂತ ಮರ್ಯಾದೆಯಿಂದ ಕೇಳಿ. ಸೆಮ್ಮೆಲ್ವೈಸ್ ಕೇಳಿದ್ದೂ ಅಷ್ಟೇ.

ಓದುವ ತಮ್ಮ ತಂಗಿಯರಿಗೆ: ಒರೆಸುವ ಕೆಲಸ ಕೀಳಲ್ಲ. ಆದರೆ ಅದು ನಮ್ಮ ಜಾತಿಯ ಹಣೆಬರಹವೂ ಅಲ್ಲ. ಆಸ್ಪತ್ರೆಗಳಲ್ಲಿ ಈಗ ಸೋಂಕು ನಿಯಂತ್ರಣಕ್ಕೇ ಬೇರೆ ನರ್ಸ್ ಇರ್ತಾರೆ. ಲ್ಯಾಬಿನಲ್ಲಿ ಮೈಕ್ರೋಬಯಾಲಜಿ ಓದಿದವರು ಇರ್ತಾರೆ. ಕೊಯಮತ್ತೂರಿನಲ್ಲಿ 1966ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ತಿರುಪ್ಪೂರಿನದು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. 2009ರ ತಮಿಳುನಾಡು ಕಾಯ್ದೆ ಪರಿಶಿಷ್ಟ ಜಾತಿಗಳ ಶೇಕಡಾ 18ರೊಳಗೆ ಅರುಂಧತಿಯರಿಗೆ ಶೇಕಡಾ 3 ಒಳಮೀಸಲಾತಿ ಕೊಟ್ಟಿದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಬಾಗಿಲು ತೆರೆದಿದೆ. ಪಲ್ಪು ಅವರಿಗೆ ಈ ಬಾಗಿಲು ಇರಲಿಲ್ಲ. ಅರ್ಜಿ ಹಾಕುವ ತಾರೀಕು ಮೀರದ ಹಾಗೆ ನೋಡಿಕೊಳ್ಳೋದು ನಮ್ಮ ಸಂಘದ ಕೆಲಸ, ಓದೋದು ನಿಮ್ಮ ಕೆಲಸ.

ಈ ವರ್ಷ ಸಂಘ ಮಾಡಬಹುದಾದ ಮೂರು ಕೆಲಸ ಹೇಳಿ ಮುಗಿಸ್ತೀನಿ. ಒಂದು, ನಮ್ಮ ಬೀದಿಗಳಲ್ಲಿ ಆಸ್ಪತ್ರೆ ಕೆಲಸಕ್ಕೆ ಹೋಗುವ ಎಲ್ಲರ ಪಟ್ಟಿ ಮಾಡಿ, ಹೆಪಟೈಟಿಸ್ ಬಿ ಮೂರು ಡೋಸು ಆಗಿದೆಯಾ ಅಂತ ಬರೆದುಕೊಳ್ಳೋದು. ಎರಡು, ಆಗದವರಿಗೆ ಅವರವರ ಆಸ್ಪತ್ರೆಯಲ್ಲೇ ಹಾಕಿಸುವಂತೆ ಒಟ್ಟಾಗಿ ಮನವಿ ಕೊಡೋದು. ಮೂರು, ಕೊರೋನಾ ಕಾಲದಲ್ಲಿ ವಾರ್ಡುಗಳಲ್ಲಿ ದುಡಿದವರನ್ನು ಮುಂದಿನ ಏಪ್ರಿಲ್ 14ರಂದು ವೇದಿಕೆಗೆ ಕರೆದು, ಹೆಸರು ಹೇಳಿ, ಕೈ ಹಿಡಿದು ಮಾತಾಡಿಸೋದು.

ಕೈ ಹಿಡಿಯೋದು ಮುಖ್ಯ. ಸೋಂಕು ಅನ್ನೋ ಮಾತಿಗೆ ಮೊದಲು ಇದ್ದ ಅರ್ಥ ಅದೇ.

ಜೈ ಭೀಮ್.